ಎಷ್ಟು ಪ್ರತಿ

ವಾಸ್ಕೋದಾಗ ನಗರಪಾಲಿಕಿ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ.
ಬಂದರಿನ ಕಲ್ಲಿದ್ದಲ ಧೂಳು, ಮುಂಜಾನೆ ಒರಿಸಿದ್ರ
ಮಧ್ಯಾಹ್ನಕ್ಕ ಮತ್ತ ಹಾಜರು.
ಗಾಜಿನ ಮ್ಯಾಲ ಒಂದು ಕಪ್ಪು ಚುಕ್ಕಿ, ಏನ್ ಮಾಡಿದ್ರೂ ಹೋಗಂಗಿಲ್ಲ.
ಜನನ ಪತ್ರ, ಮರಣ ಪತ್ರ, ರೇಷನ್ ಕಾರ್ಡು,
ಯಾರದ ಇರಲಿ, ಬಲಗಡೆ ಮೂಲ್ಯಾಗ
ನನ್ನ ಚುಕ್ಕಿ ಕೂತ ಇರತೈತಿ.

ಗದಗದಿಂದ ಬಂದು ಹತ್ತೊಂಬತ್ತು ವರ್ಷ.
ಈ ಊರಾಗ ನಾ ಕಲಿತದ್ದು ಒಂದ:
ಎಲ್ಲಾರೂ ನಕಲು ಒಯ್ತಾರ. ಅಸಲು
ಮುಚ್ಚಳದ ಕೆಳಗ ಮರ್ತು ಹೋಗ್ತಾರ.

ಎಸ್ಪೆರಾನ್ಸಾನೂ ಮರ್ತಿದ್ಲು ಒಮ್ಮೆ, ನೀರಿನ ವಿಭಾಗದ ಗುಮಾಸ್ತಿ,
ತನ್ನ ದೂರಿನ ಕಾಗದ. ಬೆನ್ನ ಹತ್ತಿ ಓಡಿ ಕೊಟ್ಟು ಬಂದೆ.
ಕೈ ನಡಗತಿತ್ತು ಆಕಿದು, ಚಿಲ್ಲರೆ ಎಣಸಾಕ ಬರಲಿಲ್ಲ,
ಇರ್ಲಿ ಬಿಡ್ರಿ ಬಾಯಿ, ಅಂದೆ.
ಪುಂಡಲೀಕ ಬಾಬ್ ಅವರ ಕೋಣಿ, ಬಾಗಿಲಿಗೆ ಚಿಲಕ, ಸಂಜಿ ಆರೂವರಿ.
ಅಷ್ಟ ಓದಿದ್ದೆ ನಾ. ಸಾಕಾಗಿತ್ತು.

ವಿಚಾರಣೆ ಕೂತಿತು. ಕೂತಿತು ಅಂದ್ರ ಕೂತ ಬಿಟ್ಟಿತು.
ಮೊದಲ ತಾರೀಖಿಗೆ ಬಾಬ್‌ಗ ಎದಿನೋವು.
ಎರಡನೇದಕ್ಕ ತಾಯಿ ತಿಥಿ;
ಆ ಮುದುಕಿ ಮೊನ್ನೆ ತಾನ ಬಂದು
ಪಿಂಚಣಿ ಪುಸ್ತಕ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ಲು.
ಮೂರನೇದಕ್ಕ ಸಾಹೇಬಗ ವರ್ಗ.
ನಾಕನೇದಕ್ಕ ಎಸ್ಪೆರಾನ್ಸಾಗ ವರ್ಗ, ಕಾಣಕೋಣಕ್ಕ.
ಮಡಗಾಂವದಾಗ ಬಸ್ ಬದಲಿಸಬೇಕು, ಕತ್ತಲಿದ್ದಾಗ ಮನಿ ಬಿಡಬೇಕು.
ಅಷ್ಟಾದ್ರೂ ಹೊಸ ಸಾಹೇಬ ವರದಿ ಬರದನಂತ.
ಯಾವ ತಾಯಿ ಮಗನೋ.

ಇತ್ತ ಬೈನಾದ ನಮ್ಮ ಕನ್ನಡ ಸಂಘಕ್ಕ ಬಂದ್ರು ಬಾಬ್.
"ಎಲ್ಲರಿಗೂ ನಮಸ್ಕಾರ, ಚೆನ್ನಾಗಿದ್ದೀರಾ" ಅಂದ್ರು, ಚೀಟಿ ನೋಡಿ.
ಆ ಚೀಟಿ ಬರದು ಕೊಟ್ಟಾಕಿ ನಾನ.
ಎರಡು ಸ್ಪೀಕರ್, ನೂರು ಕುರ್ಚಿ, ಕುರ್ಚಿ ಬೆನ್ನಿಗೆ ಅವರ ಹೆಸರು.
ನನ್ನ ಅಂಗಡಿ ಪರವಾನಗಿ ಆ ವಾರನ ಕೈಗೆ ಬಂತು,
ಅದನ್ನೂ ಹೇಳಬೇಕು.

ನಾಮಪತ್ರದ ಕಡೇ ದಿನ. ಮೂರಕ್ಕ ಬಾಗಿಲ ಹಾಕ್ತಾರ.
ಹೊಟೇಲಿನ್ಯಾಗ ಪಕ್ಷದ ವೀಕ್ಷಕರು ಕೂತಾರ,
ವರದಿ ತೋರ್ಸು, ಬಿ ಫಾರ್ಮ್ ತಗೊ, ಅಂದಾರಂತ.
ಬಾಬ್ ಖುದ್ದ ಬಂದ್ರು, ಬೆವತು. ಒಂದು ಕಿಸೆದಾಗ
ಇನ್ನೊಂದು ಪಕ್ಷದ ಫಾರ್ಮು, ನಾಕು ಮಡಿಕಿ.
ಮತ್ತೊಂದ್ರಾಗ ಹೆಂಡತಿ ಮಂದಾಕಿನಿ ಹೆಸರಿನ ನಾಮಪತ್ರ;
ಆಕಿ ಹೊರಗ ಕಾರಿನ್ಯಾಗ ಕೂತು
ಕೈಬಳಿ ತಿರುವ್ತಿದ್ಲು, ತಿರುವ್ತಿದ್ಲು.

ಮೂವತ್ತೊಂದು ಪುಟ. "ಹದಿನಾಲ್ಕನೇದು ಬ್ಯಾರೆ ಇಡು, ಕಡೀಗೆ."
ಕಡೀಗೆ ಬಂದಾಗ ಬಿಳಿ ಕಾಗದದ ಚೂರು ತಾವ ಹರಿದು
ನಡುವಿನ ನಾಕು ಸಾಲಿನ ಮ್ಯಾಲ ಇಟ್ರು,
ಕೂಸಿನ ಹಣಿಗೆ ಕುಂಕುಮ ಇಟ್ಟಷ್ಟು ಜ್ವಾಕಿ.
"ಈಗ ಹೊಡಿ."
ಹೊಡದೆ. ಸಾಲಿದ್ದಲ್ಲಿ ಬಯಲು ಬಂತು,
ಹಾಲಿನಂಥಾ ಬಯಲು. ಮೂಲ್ಯಾಗ ಮಾತ್ರ ಚುಕ್ಕಿ.
"ಇದೇನಿದು?"
"ಕಲ್ಲಿದ್ದಲು, ಬಾಬ್. ಹೋಗಂಗಿಲ್ಲ."
ಗಡಿಯಾರ ನೋಡಿದ್ರು. ನೂರರ ನೋಟು ಒಗದು ಓಡಿದ್ರು.

ಎರಡೂವರಿಗೆ ಪಟಾಕಿ ಕೇಳಿತು.
ಹಾರ, ಜೀಪು, ಸಂಘದ ಸ್ಪೀಕರು.
ನಮ್ಮ ಹುಡುಗರೂ ಕುಣೀತಿದ್ರು, ಅದರಾಗ ನನ್ನ ಮೈದುನ.

ಅಂಗಡಿ ಮುಚ್ಚೋ ಮುಂದ, ರೂಢಿಯಂಗ, ಮುಚ್ಚಳ ಎತ್ತಿದೆ.
ಅಸಲು ಅಲ್ಲೇ ಬೋರಲು ಬಿದ್ದಿತ್ತು.
ಮಗುಚಿದೆ. ಬಿಳಿ ಚೂರು
ಫ್ಯಾನಿನ ಗಾಳಿಗೆ ಹಾರಿ ನನ್ನ ಕಾಲ ಹತ್ರ ಬಿತ್ತು.

ಪರವಾನಗಿ ಗ್ವಾಡಿ ಮ್ಯಾಲ, ಚೌಕಟ್ಟಿನ್ಯಾಗ.
ಬಸ್ ಇಳದು ಎಸ್ಪೆರಾನ್ಸಾ ದಿನಾ ಏಳೂವರಿಗೆ
ಈ ಅಂಗಡಿ ಮುಂದನ ನಡದು ಹೋಗ್ತಾಳ,
ಈಗೀಗ ಇತ್ತ ನೋಡಂಗಿಲ್ಲ.

ಮಷೀನು ಇನ್ನೂ ಬೆಚ್ಚಗಿತ್ತು.
ಗುಂಡಿ ಒತ್ತಿದೆ.
ಎಷ್ಟು ಪ್ರತಿ ಅಂತ
ಯಾರೂ ಹೇಳಿರಲಿಲ್ಲ.